ತಿಲಕವಾಡಿಯ ಸಿಪಿಎಂ ಯಂತ್ರದ ಬಾಡಿಗೆ ಸೇವೆ: ಸೇವೆ ಉತ್ತಮ, ಕರಪತ್ರದ ಮಾತು ಅತಿ

ಮೊಣಕಾಲನ್ನು ನಿಧಾನವಾಗಿ ತಾನೇ ಮಡಿಸಿ ಚಾಚುವ ಸಿಪಿಎಂ (ಕಂಟಿನ್ಯುಯಸ್ ಪ್ಯಾಸಿವ್ ಮೋಷನ್) ಯಂತ್ರವನ್ನು ಮನೆಗೇ ತಂದು ಜೋಡಿಸಿಕೊಡುವ ಬಾಡಿಗೆ ಸೇವೆಯೊಂದು ಬೆಳಗಾವಿಯ ತಿಲಕವಾಡಿಯಲ್ಲಿದೆ. ಬೈಕಿನಿಂದ ಬಿದ್ದು ಮೊಣಕಾಲಿನ ಕೆಳಗಿನ ಎಲುಬಿನ ಮೇಲ್ತುದಿ ಕೀಲಿನೊಳಗೇ ಒಡೆದಿದ್ದ ನಮ್ಮ ಕಾಕಾ ಅವರಿಗೆ, ಪ್ಲೇಟು ಹಾಕಿದ ಶಸ್ತ್ರಚಿಕಿತ್ಸೆಯ ನಂತರ, ವೈದ್ಯರ ಸೂಚನೆಯಂತೆ ಇದನ್ನು ತರಿಸಿಕೊಂಡೆವು.

ಯಂತ್ರ ತಂದ ಯುವಕ ಮೊದಲು ಕೇಳಿದ್ದು ಹಣವನ್ನಲ್ಲ, ವೈದ್ಯರ ಚೀಟಿಯನ್ನು. ಅದರಲ್ಲಿ ಬರೆದ ಕೋನವನ್ನು ಮೀರಿ ಒಂದು ಡಿಗ್ರಿಯನ್ನೂ ಅವರು ಇಡಲಿಲ್ಲ. ತೊಡೆಯ ಉದ್ದವನ್ನು ಟೇಪಿನಿಂದ ಅಳೆದು, ಯಂತ್ರದ ತಿರುಗಣಿ ಮೊಣಕಾಲಿನ ನೇರಕ್ಕೆ ಬರುವವರೆಗೆ ಹಲವು ಸಲ ಸರಿಪಡಿಸಿದರು. ಇದು ತಪ್ಪಿದರೆ ಪರದೆಯ ಮೇಲೆ ಕಾಣುವ ಕೋನವೊಂದು, ಕಾಲು ಮಡಿಯುವ ಕೋನವೇ ಇನ್ನೊಂದಾಗುತ್ತದೆ. “ಕಾಕಾ, ನೋವಾದ್ರ ತಡಕೊಂಡು ಕೂಡಬ್ಯಾಡ್ರಿ, ಈ ಗುಂಡಿ ಒತ್ತಿಬಿಡ್ರಿ” ಎಂದು ನಿಲ್ಲಿಸುವ ಸ್ವಿಚ್ಚನ್ನು ಅವರ ಕೈಗೇ ಕೊಟ್ಟದ್ದು ನನಗೆ ಬಹಳ ಹಿಡಿಸಿತು. ಬಾಡಿಗೆ ವಾರದ ಲೆಕ್ಕದಲ್ಲಿದೆ, ಠೇವಣಿ ಬೇರೆ. ಮೆತ್ತೆಯ ಹೊದಿಕೆ ಸ್ವಚ್ಛವಾಗಿತ್ತು.

ನನ್ನ ಆಕ್ಷೇಪವಿರುವುದು ಯಂತ್ರದ ಜೊತೆ ಬಂದ ಕರಪತ್ರದ ಬಗ್ಗೆ. “ಮೃದ್ವಸ್ಥಿ ಮತ್ತೆ ಬೆಳೆಯುತ್ತದೆ, ಮುಂದೆ ಸಂಧಿವಾತ ಬರುವುದಿಲ್ಲ” ಎಂದು ಅದರಲ್ಲಿ ಅಚ್ಚಾಗಿದೆ. ಮೃದ್ವಸ್ಥಿಯೆಂದರೆ ಕೀಲಿನಲ್ಲಿ ಎಲುಬಿನ ತುದಿಗಳನ್ನು ಹೊದ್ದಿರುವ ನುಣುಪಾದ ಪದರ. ಈ ಮಾತಿನ ಬೇರು ಮೊಲಗಳ ಮೇಲೆ ನಡೆದ ಪ್ರಯೋಗಗಳಲ್ಲಿದೆ. ಟೊರಾಂಟೊದ ಮಕ್ಕಳ ಆಸ್ಪತ್ರೆಯ ಶಸ್ತ್ರವೈದ್ಯ ರಾಬರ್ಟ್ ಸಾಲ್ಟರ್ ಮತ್ತು ಸಂಗಡಿಗರು ಮೊಲಗಳ ಮೊಣಕಾಲಿನ ಮೃದ್ವಸ್ಥಿಯಲ್ಲಿ ಪೂರ್ಣ ಆಳದ ಸಣ್ಣ ರಂಧ್ರಗಳನ್ನು ಕೊರೆದು, ಕೆಲವು ಮೊಲಗಳ ಕಾಲನ್ನು ಅಲುಗದಂತೆ ಕಟ್ಟಿದರು, ಕೆಲವನ್ನು ಗೂಡಿನಲ್ಲಿ ಓಡಾಡಲು ಬಿಟ್ಟರು, ಉಳಿದವುಗಳ ಕಾಲನ್ನು ಯಂತ್ರದಿಂದ ಬಿಡುವಿಲ್ಲದೆ ಆಡಿಸಿದರು. 1980ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎಳೆಯ ಮೊಲಗಳಲ್ಲಿ ಮೂರು ವಾರಗಳ ನಂತರ ನಿಜವಾದ ಮೃದ್ವಸ್ಥಿಯಿಂದಲೇ ತುಂಬಿಕೊಂಡ ರಂಧ್ರಗಳು ಕಾಲು ಕಟ್ಟಿದವುಗಳಲ್ಲಿ ಶೇ. 8, ಓಡಾಡಿದವುಗಳಲ್ಲಿ ಶೇ. 9, ಯಂತ್ರಕ್ಕೆ ಕೂಡಿಸಿದವುಗಳಲ್ಲಿ ಶೇ. 52. ಕೀಲನ್ನು ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಬಿಗಿದಿಡುವ ರೂಢಿಯನ್ನೇ ಪ್ರಶ್ನಿಸಿದ ಆ ಕೆಲಸದ ಬಗ್ಗೆ ನನಗೆ ನಿಜವಾದ ಗೌರವವಿದೆ.

ಆದರೆ ಚೊಕ್ಕವಾಗಿ ಕೊರೆದ ರಂಧ್ರವೇ ಬೇರೆ, ರಸ್ತೆಗೆ ಅಪ್ಪಳಿಸಿ ಒಡೆದ ಕೀಲೇ ಬೇರೆ. ಪೆಟ್ಟಿನ ರಭಸಕ್ಕೆ ಮುರಿತದ ಅಂಚಿನ ಮೃದ್ವಸ್ಥಿಯ ಜೀವಕೋಶಗಳು ಸಾಯುತ್ತವೆ, ಕೀಲಿನೊಳಗೆ ರಕ್ತ ಸೇರುತ್ತದೆ, ಉರಿಯೂತ ಏಳುತ್ತದೆ. ಮುರಿದ ಮೇಲ್ಮೈ ಸಮನಾಗಿ ಕೂಡದಿದ್ದರೆ ಒಂದೇ ಜಾಗದ ಮೇಲೆ ಭಾರ ಬೀಳುತ್ತದೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲವಾದ್ದರಿಂದ ಅದರ ದುರಸ್ತಿಯೂ ಕಷ್ಟ. ಇದನ್ನೇ ಅನುಕರಿಸಲು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಚರ್ಮ ಕೊಯ್ಯದೆ, ಹೊರಗಿನ ಒತ್ತಡದಿಂದಲೇ ಪ್ರಯೋಗಾಲಯದ ಚಿಕ್ಕ ಇಲಿಗಳ ಮೊಣಕಾಲನ್ನು ಮುರಿಯುವ ಮಾದರಿಯೊಂದನ್ನು 2007ರಲ್ಲಿ ಪ್ರಕಟಿಸಿದರು. ಅಲ್ಲಿ ಸಾಮಾನ್ಯ ತಳಿಯ ಇಲಿಗಳಿಗೆ ಸಂಧಿವಾತ ಬಂದಿತು. ಅದೇ ತಂಡ 2008ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಗಾಯ ಚೆನ್ನಾಗಿ ಮಾಯುವುದಕ್ಕೆ ಹೆಸರಾದ ಎಂಆರ್‌ಎಲ್ ಎಂಬ ತಳಿಗೆ ಅದೇ ಬಗೆಯ ಮುರಿತವಾದರೂ ಹೆಚ್ಚಿನ ಹಾನಿಯಾಗಲಿಲ್ಲ. ಮುರಿತ ಒಂದೇ ಆದರೂ ದೇಹ ಅದಕ್ಕೆ ಉತ್ತರಿಸುವ ಬಗೆ ಒಂದೇ ಅಲ್ಲ ಎಂದಾದಾಗ, ಬಾಡಿಗೆ ಯಂತ್ರವೊಂದು ಎಲ್ಲರಿಗೂ ಭರವಸೆ ಕೊಡುವುದು ಹೇಗೆ? ಮನುಷ್ಯರಲ್ಲೇ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ಕಾಕ್ರೇನ್ (ಚಿಕಿತ್ಸೆಗಳ ಪುರಾವೆಯನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ಸಂಸ್ಥೆ) ಪರಾಮರ್ಶೆಯಲ್ಲಿ, ಮೊಣಕಾಲಿನ ಕೀಲು ಬದಲಾವಣೆಯ ನಂತರ ಈ ಯಂತ್ರದಿಂದ ಹೆಚ್ಚಾದ ಮಡಿತ ಸರಾಸರಿ 2 ಡಿಗ್ರಿ ಮಾತ್ರ.

ಕಾಕಾ ಅವರಿಗೆ ಆದ ಲಾಭವೆಂದರೆ ಕಾಲು ಮಡಿಸುವ ಹೆದರಿಕೆ ಹೋದದ್ದು. ಫಿಸಿಯೋಥೆರಪಿಯ ವ್ಯಾಯಾಮಗಳನ್ನು ಅವರು ಆಮೇಲೆ ಧೈರ್ಯದಿಂದ ಮಾಡತೊಡಗಿದರು, ತೊಡೆಯ ಸ್ನಾಯು ಗಟ್ಟಿಯಾದದ್ದು ಅವುಗಳಿಂದಲೇ. ಅಷ್ಟಕ್ಕೆ ಈ ಬಾಡಿಗೆ ಸಾರ್ಥಕವೆಂದು ನಾನು ಹೇಳುತ್ತೇನೆ. ಸಂಸ್ಥೆಯವರು ಆ ಕರಪತ್ರವನ್ನು ಹಿಂತೆಗೆದುಕೊಂಡು, ಕೋನ, ವೇಗ ಮತ್ತು ನಿಲ್ಲಿಸುವ ಸ್ವಿಚ್ಚನ್ನು ಕುರಿತು ಕನ್ನಡದಲ್ಲಿ ಒಂದು ಪುಟ ಬರೆದುಕೊಡಬೇಕು. ತರಿಸಿಕೊಳ್ಳುವವರು ದಿನಕ್ಕೆ ಎಷ್ಟು ಹೊತ್ತು, ಎಷ್ಟು ಡಿಗ್ರಿಯವರೆಗೆ ಎಂಬುದನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಂದಲೇ ಬರೆಸಿಕೊಂಡು, ಕರೆಂಟು ಹೋದಾಗ ಕಾಲನ್ನು ಯಂತ್ರದಿಂದ ಹೊರತೆಗೆಯುವ ಬಗೆಯನ್ನು ಜೋಡಿಸುವ ದಿನವೇ ಮಾಡಿ ತೋರಿಸಲು ಹೇಳಬೇಕು.