ಚಿಕ್ಕ ಮಕ್ಕಳಿದ್ದವರಿಗೆ ಕಾರವಾರದ ಕಾಜುಬಾಗ, ನಂದನಗದ್ದಾ ಹೇಗೆ? ಹತ್ತು ಮಳೆಗಾಲ ಕಂಡ ಮೇಲಿನ ವಿಮರ್ಶೆ

ಕಾರವಾರಕ್ಕೆ ವರ್ಗವಾಗಿ ಬರುವವರು ಹೆಚ್ಚಾಗಿ ಮನೆ ನೋಡುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಊರೆಲ್ಲ ಒಣಗಿರುತ್ತದೆ, ಯಾವ ಮನೆ ನೋಡಿದರೂ ಚೆಂದವೇ. ಜೂನ್ ಹಿಡಿಯಿತೆಂದರೆ ಅದೇ ಗೇಟಿನ ಮುಂದೆ ಮೊಣಕಾಲುಮಟ್ಟ ನೀರು ನಿಂತಿರಬಹುದು. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಬೀಳುವ ಊರು ಇದು. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಹೋಗುತ್ತದೆ, ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ಆದ್ದರಿಂದ ಇಲ್ಲಿ ಪೇಟೆಯಿಂದ ಎಷ್ಟು ದೂರ ಎಂಬುದಕ್ಕಿಂತ ನೀರು ಎಲ್ಲಿ ನಿಲ್ಲುತ್ತದೆ, ಮಗು ಯಾವ ರಸ್ತೆ ದಾಟಬೇಕಾಗುತ್ತದೆ ಎಂಬುದೇ ಮುಖ್ಯ. ಆ ಲೆಕ್ಕದಲ್ಲಿ ಕಾಜುಬಾಗ, ನಂದನಗದ್ದಾ ಭಾಗಕ್ಕೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಹೋದ ಒಂದು ಅಂಕ ಪೂರ್ತಿ ಚರಂಡಿಯದ್ದು.

ಮೊದಲು ಒಳ್ಳೆಯದು. ರಾಷ್ಟ್ರೀಯ ಹೆದ್ದಾರಿ 66 ಕಡಲಿನ ಮಗ್ಗುಲಲ್ಲೇ ಹಾದು ಹೋಗುವುದರಿಂದ ಇಲ್ಲಿನ ಮಕ್ಕಳು ದಿನನಿತ್ಯದ ಕೆಲಸಕ್ಕೆ ಅದನ್ನು ದಾಟಬೇಕಾಗಿಲ್ಲ. ದಾಟಬೇಕಾಗುವುದು ಟ್ಯಾಗೋರ್ ಕಡಲತೀರಕ್ಕೆ ಹೋಗುವಾಗ ಮಾತ್ರ, ಅದೂ ದೊಡ್ಡವರ ಕೈ ಹಿಡಿದು. ಒಳರಸ್ತೆಗಳು ಕಿರಿದಾದ್ದರಿಂದ ವಾಹನಗಳು ತಾವಾಗಿಯೇ ನಿಧಾನವಾಗುತ್ತವೆ. ಸಂಜೆ ಮಕ್ಕಳು ಸೈಕಲ್ ಹೊಡೆಯಲು ಓಣಿಯೇ ಸಾಕು. ಓಣಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮರಾಠಿ ಎಂಬಂಥ ವಾತಾವರಣ. ಹೊರಗಿನಿಂದ ಬಂದ ಮಗು ಆಟವಾಡುತ್ತಲೇ ಕೊಂಕಣಿ ಕಲಿಯುತ್ತದೆ, ಅದಕ್ಕೆ ಯಾರೂ ಕಷ್ಟಪಡಬೇಕಾಗಿಲ್ಲ.

ಇನ್ನು ನೀರಿನ ವಿಷಯ. ನಂದನಗದ್ದಾ ಎಂಬ ಹೆಸರಿನಲ್ಲೇ ಗದ್ದೆಯಿದೆ. ಗದ್ದೆ ತುಂಬಿಸಿ ಕಟ್ಟಿದ ಮನೆಗೂ ಮೊದಲಿನಿಂದ ತೆಂಗಿನ ಹಿತ್ತಲಾಗಿದ್ದ ಎತ್ತರದ ಜಾಗದ ಮನೆಗೂ ನೂರು ಹೆಜ್ಜೆ ಅಂತರವಷ್ಟೇ ಇದ್ದರೂ ಮಳೆಗಾಲದಲ್ಲಿ ಅಜಗಜಾಂತರ. "ನೀರು ಬರುತ್ತದೆಯೇ" ಎಂದು ಮಾಲೀಕರನ್ನು ಕೇಳಿದರೆ "ಇಲ್ಲ" ಎನ್ನುತ್ತಾರೆ. "ಹೋದ ವರ್ಷ ನೀರು ಎಷ್ಟನೇ ಮೆಟ್ಟಿಲಿಗೆ ಬಂದಿತ್ತು" ಎಂದು ಎದುರು ಮನೆಯವರನ್ನು ಕೇಳಿ. ಬುಟ್ಟಿ ಹೊತ್ತು ಮೀನು ಮಾರಲು ಬರುವ ಹೆಂಗಸರನ್ನು ಕೇಳಿದರೆ ಇನ್ನೂ ಒಳ್ಳೆಯದು. ಯಾವ ಓಣಿಯಲ್ಲಿ ಸೀರೆ ಎತ್ತಿ ಕಟ್ಟಬೇಕು ಎಂಬುದು ಅವರಿಗೆ ಮನೆ ಮನೆಯ ಲೆಕ್ಕದಲ್ಲಿ ಗೊತ್ತು.

ಕಣ್ಣಿಗೆ ಕಾಣುವ ಗುರುತುಗಳೂ ಇವೆ. ಗೇಟಿನ ಕಂಬದ ಬುಡದಲ್ಲಿ, ಕಂಪೌಂಡಿನ ಚಿರೆಕಲ್ಲಿನ ಮೇಲೆ ಒಣಗಿ ಕಪ್ಪಾದ ಪಾಚಿ ಒಂದೇ ಮಟ್ಟದಲ್ಲಿ ಗೆರೆ ಎಳೆದಂತೆ ನಿಂತಿದ್ದರೆ ನೀರು ಅಲ್ಲಿವರೆಗೆ ಬಂದು ನಿಂತಿದೆ ಎಂದೇ ಅರ್ಥ. ಒಳಗೆ ಕಪಾಟಿನ ಹಿಂದಿನ ಗೋಡೆ ನೋಡಿ. ಬಣ್ಣ ಹೊಸದು, ಬುಡದ ಒಂದು ಅಡಿ ಮಾತ್ರ ಉಬ್ಬಿ ಉಪ್ಪು ಬಿಟ್ಟಿದೆ ಎಂದರೆ ಅಡಿಪಾಯ ತೇವ ಎಳೆಯುತ್ತಿದೆ. ಆ ಕೋಣೆಯಲ್ಲಿ ಕೂಸನ್ನು ಮಲಗಿಸಬೇಡಿ, ಬೂಷ್ಟು ಹಿಡಿದು ಕೆಮ್ಮು ಬಿಡುವುದಿಲ್ಲ. ಮನೆಯ ನೆಲ ರಸ್ತೆಗಿಂತ ಎರಡು ಅಡಿಯಾದರೂ ಎತ್ತರ ಇರಬೇಕು. ಪ್ರತಿ ಸಲ ಡಾಂಬರು ಹಾಕಿದಾಗಲೂ ರಸ್ತೆ ಏರುತ್ತದೆ, ಮನೆ ಏರುವುದಿಲ್ಲ. ಹಳೆಯ ಮನೆಗಳಿಗೆ ನೀರು ನುಗ್ಗುವುದು ಹೆಚ್ಚಾಗಿ ಇದರಿಂದಲೇ. ಗಾಳಿಮಳೆ ಹೊಡೆಯುವುದು ಪಡುವಣದಿಂದ. ಹಾಗಾಗಿ ಪಶ್ಚಿಮದ ಗೋಡೆಗೆ ಸಜ್ಜಾ ಅಥವಾ ತಗಡಿನ ಇಳಿಮಾಡು ಇದೆಯೇ ನೋಡಿಕೊಳ್ಳಿ.

ಬಾವಿ ಇದ್ದರೆ ಎರಡು ಪರೀಕ್ಷೆ ಬಾಕಿ. ಒಂದು ರುಚಿಯದ್ದು. ಕಡಲು, ಕಾಳಿ ನದಿಯ ಅಳಿವೆ ಎರಡೂ ಹತ್ತಿರವಿರುವ ಕಡೆ ಮೇ ತಿಂಗಳಿಗೆ ಬಾವಿ ನೀರು ಸವಳಾಗುತ್ತದೆ. ಮಳೆಗಾಲದಲ್ಲಿ ಅದೇ ನೀರು ಸಿಹಿ, ಆಗ ಪರೀಕ್ಷೆ ಮಾಡಿ ಉಪಯೋಗವಿಲ್ಲ. ನೀರಿನಲ್ಲಿ ಕರಗಿದ ಲವಣಾಂಶ (ಟಿಡಿಎಸ್) ಅಳೆಯುವ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕುಡಿಯುವ ನೀರಿನಲ್ಲಿ ಇದಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 2000. ಕುದಿಸಿದರೆ ಉಪ್ಪು ಹೋಗುವುದಿಲ್ಲ, ನೀರು ಆವಿಯಾಗಿ ಉಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಆದ್ದರಿಂದ ಸವಳು ನೀರಲ್ಲಿ ಕೂಸಿನ ಹಾಲಿನ ಪುಡಿ ಕಲಸಬಾರದು.

ಇನ್ನೊಂದು ಪರೀಕ್ಷೆ ಹೊಲಸಿನದ್ದು. ಮರಳು ನೆಲದಲ್ಲಿ ಮಳೆಗಾಲದ ನೀರಿನ ಮಟ್ಟ ಮೇಲೇರಿ, ಶೌಚದ ಗುಂಡಿಯ ನೀರು ಸಲೀಸಾಗಿ ಬಾವಿಗೆ ಇಳಿಯುತ್ತದೆ. ಗುಂಡಿಗೂ ಬಾವಿಗೂ 50 ಅಡಿ ಅಂತರ ಬೇಕು. ಅಕ್ಕಪಕ್ಕದ ಮನೆಯ ಗುಂಡಿಯನ್ನೂ ಸೇರಿಸಿ ಅಳೆಯಿರಿ, ಎಲ್ಲರೂ ಮರೆಯುವುದು ಅದನ್ನೇ. ಬ್ಲೀಚಿಂಗ್ ಪೌಡರ್ ಹಾಕುವವರು ಕೈ ಅಳತೆಯಲ್ಲಿ ಸುರಿಯಬೇಡಿ. 1000 ಲೀಟರಿಗೆ ಒಳ್ಳೆಯ ಪುಡಿ ಎರಡೂವರೆ ಗ್ರಾಂ ಸಾಕು. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್, ಅಂದರೆ 24 ಗ್ರಾಂ ಪುಡಿ. ರಾತ್ರಿ ಬಕೆಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿ ನೀರನ್ನಷ್ಟೇ ಬಾವಿಗೆ ಬಿಟ್ಟು, ಬೆಳಿಗ್ಗೆ ಸೇದಿದರೆ ಸರಿ. ಬಾವಿಕಟ್ಟೆ ಮೂರು ಅಡಿಗಿಂತ ಗಿಡ್ಡವಿದ್ದರೆ ಅಥವಾ ಮೇಲೆ ಬೀಗ ಹಾಕುವ ಕಬ್ಬಿಣದ ಜಾಲರಿ ಇಲ್ಲದಿದ್ದರೆ ಅಡ್ವಾನ್ಸ್ ಕೊಡುವ ಮೊದಲೇ ಹಾಕಿಸಿಕೊಳ್ಳಿ. ತೆಳು ಬಲೆ ಕಟ್ಟಿ "ಆಯಿತು" ಎನ್ನುತ್ತಾರೆ. ಅದು ಎಲೆ ಬೀಳದಿರಲು, ಮಗುವಿನ ಭಾರ ತಡೆಯಲು ಅಲ್ಲ.

ಬೇರೆ ಕಡೆಗಳ ಬಗ್ಗೆ ಚುಟುಕಾಗಿ. ಕೋಡಿಬಾಗದಲ್ಲಿ ಗಾಳಿ ಚೆನ್ನ, ಆದರೆ ಹೆದ್ದಾರಿ ತೀರಾ ಹತ್ತಿರ, ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಬಾಲ್ಕನಿಯ ಸರಳುಗಳನ್ನು ಕೈಯಿಂದ ಅಲುಗಾಡಿಸಿ ನೋಡದೆ ಮಕ್ಕಳನ್ನು ಬಿಡಬೇಡಿ. ಶಿರವಾಡ ರೈಲು ನಿಲ್ದಾಣಕ್ಕೆ ಅನುಕೂಲ, ಪೇಟೆಗೆ ದೂರ. ಬೈತಖೋಲದಲ್ಲಿ ಬಂದರಿನ ಲಾರಿ ಸಂಚಾರ ಇದ್ದೇ ಇರುತ್ತದೆ. ಸದಾಶಿವಗಡ ಶಾಂತವಾದ ಊರು, ಬಾಡಿಗೆ ಮನೆಗೆ ಅಂಗಳವೂ ಸಿಗುತ್ತದೆ, ಆದರೆ ಶಾಲೆ ಪೇಟೆಯಲ್ಲಿದ್ದರೆ ಮಗು ದಿನಕ್ಕೆ ಎರಡು ಸಲ ಕಾಳಿ ದಾಟಬೇಕು. 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೆಯ ಸೇತುವೆ ಕುಸಿದು ಬಿದ್ದಾಗ ಆ ದಾರಿಯನ್ನೇ ನಂಬಿಕೊಳ್ಳುವುದರ ಅರ್ಥ ಎಲ್ಲರಿಗೂ ತಿಳಿಯಿತು. ಅಂಗನವಾಡಿ ವಯಸ್ಸಿನ ಮಕ್ಕಳಿಗೆ ಆ ತೊಂದರೆ ಇಲ್ಲ, ಅಕ್ಕೋರು, ಅಂದರೆ ಅಂಗನವಾಡಿಯ ಶಿಕ್ಷಕಿ, ಅದೇ ಊರಲ್ಲಿ ಸಿಗುತ್ತಾರೆ.

ಗುಡ್ಡ ಕಡಿದು ಮಾಡಿದ ನಿವೇಶನದ ಬಗ್ಗೆ ಮಾತ್ರ ಯಾವ ರಾಜಿಯೂ ಬೇಡ. ಕಡವಾಡದ ಝರಿವಾಡದಲ್ಲಿ 2009ರ ಅಕ್ಟೋಬರ್ 2ರಂದು ಗುಡ್ಡ ಕುಸಿದು 19 ಜನ ಹೋದರು. ಮನೆಯ ಹಿಂದೆ ನೆಟ್ಟಗೆ ಕಡಿದ ಕೆಮ್ಮಣ್ಣಿನ ಗೋಡೆ ಇದ್ದು, ಅದರಲ್ಲಿ ನೀರು ಜಿನುಗುತ್ತಿದ್ದರೆ ಅಥವಾ ಮೇಲಿನ ಮರಗಳು ಮನೆಯತ್ತ ವಾಲಿದ್ದರೆ, ಬಾಡಿಗೆ ಅರ್ಧಕ್ಕಿಳಿಸಿದರೂ ಆ ಮನೆ ಬೇಡ.

ಆಸ್ಪತ್ರೆ ವಿಷಯದಲ್ಲಿ ಕಾಜುಬಾಗ, ನಂದನಗದ್ದಾದವರಿಗೆ ಸಮಾಧಾನವಿದೆ, ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಊರೊಳಗೇ ಇದೆ. ದೊಡ್ಡ ಚಿಕಿತ್ಸೆಗೆ ಗೋವಾ, ಮಣಿಪಾಲ ಅಥವಾ ಹುಬ್ಬಳ್ಳಿಯ ದಾರಿ ಹಿಡಿಯಬೇಕಾದದ್ದು ಇಡೀ ಜಿಲ್ಲೆಯ ನೋವು, ಬಡಾವಣೆ ಬದಲಿಸಿದರೆ ತಪ್ಪುವುದಲ್ಲ.

ಭಾರೀ ಮಳೆಯ ಎಚ್ಚರಿಕೆ ಬಂದ ದಿನ ಜಿಲ್ಲಾಡಳಿತ ಶಾಲೆಗೆ ರಜೆ ಕೊಡುತ್ತದೆ, ಎಷ್ಟೋ ಸಲ ಅದು ತಿಳಿಯುವುದು ಹಿಂದಿನ ರಾತ್ರಿ. ಇಬ್ಬರೂ ಕೆಲಸಕ್ಕೆ ಹೋಗುವವರು ಹಗಲು ಮನೆಯಲ್ಲಿರುವ ನೆರೆಯವರು ಇರುವ ಓಣಿಯನ್ನೇ ಆರಿಸಿಕೊಳ್ಳಿ. ಸಾಧ್ಯವಿದ್ದರೆ ಮೊದಲ ಜೂನ್ ತಿಂಗಳಿಗೆ ತಾತ್ಕಾಲಿಕ ಮನೆ ಹಿಡಿದು, ಎರಡು ದಿನ ಬಿಡದೆ ಮಳೆ ಸುರಿದ ಮಾರನೆಯ ಬೆಳಿಗ್ಗೆ ಎಂಟು ಗಂಟೆಗೆ, ಶಾಲೆಯ ಹೊತ್ತಿಗೆ ಸರಿಯಾಗಿ, ಇಷ್ಟವಾದ ಮನೆಯಿಂದ ಶಾಲೆಯ ಗೇಟಿನವರೆಗೆ ಒಮ್ಮೆ ನಡೆದು ನೋಡಿ. ಚರಂಡಿಯ ಮೇಲಿನ ಚಪ್ಪಡಿ ಎಲ್ಲೆಲ್ಲಿ ಇಲ್ಲ ಎಂಬುದು ನೀರು ತುಂಬಿದಾಗ ಕಾಣುವುದಿಲ್ಲ, ಆದ್ದರಿಂದ ಕೈಯಲ್ಲಿ ಉದ್ದ ಹಿಡಿಕೆಯ ಕೊಡೆ ಇರಲಿ, ಅದರ ತುದಿಯಿಂದ ಮುಂದಿನ ಹೆಜ್ಜೆಯ ನೆಲ ಮುಟ್ಟಿ ನೋಡುತ್ತ ಹೋಗಿ.