ಅಮೃತಬಳ್ಳಿ: ತುಂಡು ಕೊಳ್ಳಿ, ಪುಡಿ ನೋಡಿ ಕೊಳ್ಳಿ, ಬಾಟಲಿ ಬೇಡ

ಅಮೃತಬಳ್ಳಿ ಈಗ ನಾಲ್ಕು ರೂಪದಲ್ಲಿ ಸಿಗುತ್ತದೆ: ಗ್ರಂಥಿಗೆ ಅಂಗಡಿಯ ಒಣ ತುಂಡು, ಪ್ಯಾಕೆಟ್ ಪುಡಿ, ಬಿಳಿ ಸತ್ವ, ಬಾಟಲಿ ಜ್ಯೂಸ್. ಇವುಗಳಲ್ಲಿ ದುಡ್ಡು ಕೊಡಬಹುದಾದದ್ದು ಒಣ ತುಂಡಿಗೇ. ಏನು ಕೊಳ್ಳುತ್ತಿದ್ದೇವೆ ಅನ್ನೋದು ಕಣ್ಣಿಗೆ ಕಾಣೋದು ಅದರಲ್ಲಿ ಮಾತ್ರ.

ಬೆರಳು ದಪ್ಪದ ತುಂಡು ಆರಿಸಿ. ಮೇಲಿನ ಸಿಪ್ಪೆ ತೆಳು ಪೊರೆಯಾಗಿ ಸುಲಿದು ಬರಬೇಕು. ಅಡ್ಡ ಕತ್ತರಿಸಿದ ಮುಖದಲ್ಲಿ ಗಾಡಿಚಕ್ರದ ಅರಗಳಂಥ ಗೆರೆಗಳಿರುತ್ತವೆ. ಜಗಿದರೆ ಲೋಳೆಯ ಜೊತೆ ಕಹಿ ಬರಬೇಕು. ಬರೀ ನಾರು ಸಿಕ್ಕರೆ ಹಳೇ ಸರಕು. ಒಳಭಾಗ ಕಪ್ಪಾಗಿ ಮುಗ್ಗಲು ವಾಸನೆ ಬಂದರೆ ಸೀಳದೆ ಒಣಗಿಸಿದ್ದಾರೆ, ಬೂಸ್ಟು ಹಿಡಿದಿದೆ ಎಂದರ್ಥ.

ಚಕ್ರದ ಗುರುತೊಂದನ್ನೇ ನಂಬಬೇಡಿ, ಅದು ದಾಯಾದಿ ಬಳ್ಳಿಗಳಲ್ಲೂ ಇದೆ. ಮುಖ್ಯವಾಗಿ ಟೈನೋಸ್ಪೊರ ಕ್ರಿಸ್ಪ. ಅದರ ಕಾಂಡ ಬೂದು ಬಣ್ಣ, ಮೈತುಂಬ ಎದ್ದು ನಿಂತ ಗಂಟುಗಳು, ಹಸಿಯಾಗಿ ಕತ್ತರಿಸಿದರೆ ಹಾಲಿನಂಥ ರಸ. ನಿಜವಾದ ಅಮೃತಬಳ್ಳಿ, ಅಂದರೆ ಟೈನೋಸ್ಪೊರ ಕಾರ್ಡಿಫೋಲಿಯ, ಹಸಿರು ಕಾಂಡದ್ದು, ಹಾಲು ಬರುವುದಿಲ್ಲ. 2022ರಲ್ಲಿ ಆಯುಷ್ ಸಚಿವಾಲಯ ಇದೇ ಗುರುತುಗಳನ್ನು ಕೊಟ್ಟು ಎಚ್ಚರಿಸಿತ್ತು. ಒಮ್ಮೆ ಪುಡಿಯಾದ ಮೇಲೆ ಇದ್ಯಾವುದೂ ಕಾಣುವುದಿಲ್ಲ. ಪುಡಿಯೇ ಬೇಕಿದ್ದರೆ ಲೇಬಲ್ಲಿನಲ್ಲಿ ಸಸ್ಯದ ಪೂರ್ತಿ ಹೆಸರು, 'ಕಾಂಡ' ಎಂಬ ಮಾತು, ತಯಾರಿಕಾ ಲೈಸೆನ್ಸ್, ಬ್ಯಾಚ್ ನಂಬರ್ ಇದೆಯೇ ನೋಡಿ. ಬರೀ 'ಗಿಲೋಯ್' ಎಂಬ ಹಿಂದಿ ಹೆಸರಷ್ಟೇ ಇದ್ದರೆ ಅಲ್ಲೇ ಬಿಡಿ. ಔಷಧಗಳ ಮಾನದಂಡ ಹೇಳುವ ಸರ್ಕಾರಿ ಗ್ರಂಥ ಆಯುರ್ವೇದ ಫಾರ್ಮಕೊಪಿಯದ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ ಪುಡಿ.

ಸತ್ವ ಎಂದರೆ ಕಾಂಡ ಜಜ್ಜಿ, ನೀರಿನಲ್ಲಿ ಕಿವುಚಿ, ತಳಕ್ಕೆ ಕೂತ ಗಂಜಿಯನ್ನು, ಅಂದರೆ ಪಿಷ್ಟವನ್ನು, ಒಣಗಿಸಿದ್ದು. ಅದಕ್ಕೆ ಜೋಳದ ಹಿಟ್ಟು ಬೆರೆಸಿದರೆ ಪಿಷ್ಟ ಪತ್ತೆ ಹಚ್ಚುವ ಅಯೋಡಿನ್ ಪರೀಕ್ಷೆಗೂ ಸಿಗುವುದಿಲ್ಲ, ಅಸಲಿಯೂ ಪಿಷ್ಟವೇ ತಾನೆ!

ಕಷಾಯಕ್ಕೆ 10 ಗ್ರಾಂ ಒಣ ತುಂಡು ಜಜ್ಜಿ, 160 ಮಿ.ಲೀ. ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ 40 ಮಿ.ಲೀ.ಗೆ ಇಳಿಸಿ ಸೋಸಿ. ಅಂದಂದಿನದು ಅಂದಂದಿಗೇ, ಮಿಕ್ಕಿದ್ದು ಹುಳಿ ಬರುತ್ತದೆ.

ಜ್ಯೂಸ್ ಬೇಡ ಅನ್ನೋಕೆ ಕಾರಣ ರುಚಿಯಲ್ಲ. ಎಷ್ಟು ಕಾಂಡದಿಂದ ಎಷ್ಟು ರಸ ಎಂದು ಬಾಟಲಿ ಹೇಳುವುದು ಅಪರೂಪ. ಮೇಲೆ 'ದಿನಾ ಖಾಲಿ ಹೊಟ್ಟೆಗೆ' ಅಂತಿರುತ್ತದೆ, ಎಷ್ಟು ದಿನ ಅಂತ ಇರುವುದಿಲ್ಲ. ಇಮ್ಯೂನಿಟಿ ಹೆಸರಲ್ಲಿ ತಿಂಗಳುಗಟ್ಟಲೆ ಕುಡಿಯೋದೇ ಇಲ್ಲಿ ದೊಡ್ಡ ಅಪಾಯ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಲಿವರ್ ಕೆಟ್ಟ 43 ರೋಗಿಗಳ ವಿವರವನ್ನು ಭಾರತದ ಲಿವರ್ ತಜ್ಞರು 2022ರಲ್ಲಿ ಪ್ರಕಟಿಸಿದರು. ಹಲವರಲ್ಲಿ ಕಂಡದ್ದು ದೇಹದ ರೋಗನಿರೋಧಕ ವ್ಯವಸ್ಥೆಯೇ ತನ್ನ ಲಿವರನ್ನು ಹೊಡೆಯುವ ಆಟೋಇಮ್ಯೂನ್ ಹೆಪಟೈಟಿಸ್‌ನ ಲಕ್ಷಣ. ಸಚಿವಾಲಯ ಬೇರೆ ಬಳ್ಳಿ ಬೆರೆತಿರಬಹುದು ಎನ್ನುತ್ತದೆ, ಲಿವರ್ ತಜ್ಞರು ಒಪ್ಪುವುದಿಲ್ಲ. ಜಗಳ ಏನೇ ಇರಲಿ, ಕೊಳ್ಳುವವರು ಬೆರಕೆಯ ಅಪಾಯ, ಅಸಲಿ ಬಳ್ಳಿಯ ಅಪಾಯ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆದ್ದರಿಂದ ಥೈರಾಯ್ಡಿನ ಹಾಶಿಮೊಟೊ, ಲೂಪಸ್, ಆಮವಾತದಂಥ ಆಟೋಇಮ್ಯೂನ್ ಕಾಯಿಲೆ ಇದ್ದವರು, ಲಿವರ್ ತೊಂದರೆಯವರು, ಅಂಗ ಕಸಿಯಾದವರು ಇದರ ಯಾವ ರೂಪವನ್ನೂ ಮುಟ್ಟಬಾರದು. ಗರ್ಭಿಣಿಯರಿಗೂ ಬೇಡ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಒಮ್ಮೆಲೇ ಇಳಿಯಬಹುದು; ವೈದ್ಯರಿಗೆ ಹೇಳದೆ ಶುರು ಮಾಡಬೇಡಿ. ಉಳಿದವರು ಜ್ವರದ ನಂತರದ ಸುಸ್ತಿಗೋ, ಅಲರ್ಜಿ ನೆಗಡಿಗೋ ವೈದ್ಯರು ಹೇಳಿದಷ್ಟು ದಿನ ಕುಡಿದು ನಿಲ್ಲಿಸಿ. ನಡುವೆ ಮೂತ್ರ ಕಡು ಹಳದಿಯಾದರೆ, ಮೈ ತುರಿಸಿದರೆ, ಊಟ ಕಂಡರೆ ವಾಕರಿಕೆ ಬಂದರೆ ಅಂದೇ ಬಿಟ್ಟು ಎಲ್‌ಎಫ್‌ಟಿ (ಲಿವರ್ ಸ್ಥಿತಿ ತಿಳಿಸುವ ರಕ್ತ ಪರೀಕ್ಷೆ) ಮಾಡಿಸಿ. ವೈದ್ಯರ ಹತ್ತಿರ ಹೋಗುವಾಗ ಪ್ಯಾಕೆಟ್ಟನ್ನೂ ಒಯ್ಯಿರಿ.