ದಾನದ ಆ್ಯಪ್‌ಗೆ ಎರಡೇ ಸ್ಟಾರ್, ಅದೂ ರಶೀದಿ ಸರಿಯಾಗಿ ಬಂದಿದ್ದಕ್ಕ

ಗಂಗಾವತಿ ರೈಸ್ ಮಿಲ್‌ನ್ಯಾಗ ಲೆಕ್ಕ ಬರಿಯೋನು ನಾನು. ಹೋದ ವರ್ಷ ಮಗಳ ಬರ್ತ್‌ಡೇ ದಿನ ಈ ಆ್ಯಪ್ ಹಾಕ್ಕೊಂಡು ತಿಂಗಳಿಗೆ 500 ರೂಪಾಯಿ ಆಟೋಪೇ ಇಟ್ಟೆ, ಎಂಟು ತಿಂಗಳು ಕಟ್ಟಾತು. ಹೆಸರು ಹೇಳಂಗಿಲ್ಲ, ಇಂಥವು ಭಾಳ ಅದಾವ.

ಚಲೋದು ಅಂದ್ರ 80ಜಿ ರಶೀದಿ, ಅಂದ್ರ ದಾನಕ್ಕ ಟ್ಯಾಕ್ಸ್ ವಿನಾಯ್ತಿ ಕೇಳಾಕ ಬೇಕಾಗೋ ರಶೀದಿ, ಟೈಮಿಗೆ ಬಂತು. ಹೊಸ ಟ್ಯಾಕ್ಸ್ ಪದ್ಧತಿ ತಗೊಂಡವ್ರಿಗೆ ಅದರ ವಿನಾಯ್ತಿ ಸಿಗಂಗಿಲ್ಲ ಅನ್ನೋದು ನನಗ ಆಮ್ಯಾಲ ಗೊತ್ತಾತು, ಆ ಮಾತು ಬ್ಯಾರೆ.

ಇನ್ನ ಟಿಪ್, ಅಂದ್ರ ದಾನದ ಮ್ಯಾಲ ಆ್ಯಪ್‌ನವ್ರು ತಮಗಂತ ತಗೊಳ್ಳೋ ರೊಕ್ಕ. 500 ಒತ್ತಿದ್ರ ಕೆಳಗ ಸಣ್ಣ ಅಕ್ಷರದಾಗ 70 ರೂಪಾಯಿ ತಾನೇ ಸೇರಿಸ್ಕೊಂಡಿರ್ತೈತಿ, ತಗೀಬೇಕಂದ್ರ ಎಲ್ಲೈತಿ ಅಂತ ಹುಡುಕಬೇಕು. ಅದಕ್ಕಿಂತ ಸಿಟ್ಟು ಬಂದಿದ್ದು ಫೋಟೋ ನೋಡಿ. "ಕೊಪ್ಪಳ ಜಿಲ್ಲೆಯ ಬಡ ಮಗು" ಅಂತ ಬರದಾರ, ಹುಡುಗನ ಹಿಂದ ಚಹಾ ತೋಟ! ನಮ್ಮ ಕಡೆ ಹಿಂದ ಏನರ ಕಂಡ್ರ ಬಂಡೆಗಲ್ಲಿನ ಗುಡ್ಡ, ಇಲ್ಲಂದ್ರ ಭತ್ತದ ಗದ್ದಿ. ಮ್ಯಾಲ ವಾರಕ್ಕ ಮೂರು ನೋಟಿಫಿಕೇಶನ್, ಜಗತ್ತಿನ್ಯಾಗ ಬಡತನ ದಿನಾ ಏರಾಕತ್ತೈತಿ, ನೀವು ಇವತ್ತ ಕೊಡ್ಲಿಲ್ಲಂದ್ರ ಮುಗೀತು ಅಂತ.

ಲೆಕ್ಕ ಬರಿಯೋನಿಗೆ ಇದು ನುಂಗಾಕ ಆಗಂಗಿಲ್ರಿ. ದಿನಕ್ಕ 2.15 ಡಾಲರಿಗಿಂತ ಕಡಿಮಿಯಾಗ ಬದುಕೋರು ಕಡು ಬಡವ್ರು ಅಂತ ವರ್ಲ್ಡ್ ಬ್ಯಾಂಕ್ ಹಾಕಿದ ಗೆರಿ ಹಿಡಿದು ಎಣಿಸಿದ್ರ 1990ರಾಗ ಜಗತ್ತಿನ ನೂರು ಮಂದ್ಯಾಗ 38ರ ಆಸುಪಾಸು ಕಡು ಬಡವ್ರು, 2019ಕ್ಕ 9ರ ಆಸುಪಾಸು. ಮುಂದ ಕೊರೋನಾದಾಗ ಏರಿದ್ದೂ ಖರೇ, 2025ರಾಗ ಗೆರೀನ 3 ಡಾಲರ್‌ಗೆ ಏರಿಸಿದ್ದೂ ಖರೇ. ಆದ್ರೂ "ದಿನಾ ಏರಾಕತ್ತೈತಿ" ಅನ್ನೋದು ಸುಳ್ಳು. ಹಂಗಂತ ಇಳಿದಿದ್ದು ದಾನದಿಂದ ಅಂತಲ್ಲ, ಬಹುಪಾಲು ಚೀನಾದಾಗ, ನಮ್ಮ ದೇಶದಾಗ ಮಂದಿ ದುಡಿದು ಇಳಿಸಿದ್ದು. ನಮ್ಮ ಮಿಲ್ಲಿನ ಹಮಾಲಿ ಅಜ್ಜಗ ಕೇಳಿದೆ, "ಆಗ ಬ್ಯಾಸಿಗ್ಯಾಗ ಎರಡು ಹೊತ್ತು ರೊಟ್ಟಿ ಇರ್ತಿದ್ದಿಲ್ಲ ತಮ್ಮಾ, ಈಗ ರೊಟ್ಟಿ ಚಿಂತಿಲ್ಲ, ದವಾಖಾನಿ ಚಿಂತಿ" ಅಂದ. ಆ್ಯಪ್‌ನವ್ರಿಗೆ ಈ ಎರಡು ಚಿಂತಿ ನಡುವಿನ ಫರಕ ಗೊತ್ತಿಲ್ಲ.

ಇನ್ನ ನಮ್ಮ ಮಾವಾರು ಬ್ಯಾರೆ, ಬಡವ್ರಿಗೆ ರೊಕ್ಕ ಕೊಟ್ರ ಕುಡುದು ಹಾಳು ಮಾಡ್ತಾರ ಅಂತ ಅವ್ರ ಹಾಡು. ಬ್ಯಾರೆ ಬ್ಯಾರೆ ದೇಶದ ಅಧ್ಯಯನ ಕೂಡಿಸಿ ವರ್ಲ್ಡ್ ಬ್ಯಾಂಕಿನ ಸಂಶೋಧಕರು 2014ರಾಗ ನೋಡ್ಯಾರ, ಕೈಗೆ ನಗದು ಬಂದ್ರ ಕುಡಿತ ಬೀಡಿ ಖರ್ಚು ಏರಿಲ್ಲ. ಅಷ್ಟು ದೂರ ಯಾಕ, ಅತ್ತಿಯವ್ರಿಗೆ ಬರೋ ಗೃಹಲಕ್ಷ್ಮಿ 2,000 ಬಿಪಿ ಗುಳಗಿಗೂ ಸಂಘದ ಕಂತಿಗೂ ಹೊಂಟೈತಿ, ಮಾವಾರೇ ಹೋಗಿ ಗುಳಗಿ ತರ್ತಾರ!

ಹಂಗಾದ್ರ ದಾನ ದಂಡ ಏನು? ಅಲ್ಲ. ಶಾಲಿ ತತ್ತಿ ನೋಡ್ರಿ. 2021ರ ಡಿಸೆಂಬರ್‌ದಾಗ ಮಕ್ಕಳು ಸೊರಗ್ಯಾರ ಅಂತ ಮೊದ್ಲು ನಮ್ಮ ಕಡೆ ಜಿಲ್ಲೆಗಳಾಗ ಸರ್ಕಾರ ಶುರು ಮಾಡಿತು, ಈಗ ವಾರಕ್ಕ ಆರು ದಿನ, ಅದರಾಗ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ ರೊಕ್ಕ, ಮೂರು ವರ್ಷಕ್ಕ ಸುಮಾರು 1,500 ಕೋಟಿ. ತತ್ತಿ ತಿನ್ನದವ್ರಿಗೆ ಬಾಳಿಹಣ್ಣು. ಅಳೋ ಫೋಟೋ ಇಲ್ಲ, ಟಿಪ್ ಇಲ್ಲ, ಮಗು ತತ್ತಿ ತಿಂದು ಆಡಾಕ ಓಡ್ತೈತಿ.

ಮಗಳ ಶಾಲಿ ಹೆಡ್ ಮಾಸ್ತರಿಗೆ ಏನರ ಬೇಕೇನ್ರಿ ಸರ ಅಂತ ಕೇಳಿದೆ. "ತತ್ತಿ ಬರ್ತಾವ್ರಿ, ಒಮ್ಮೆಲೇ ಕುದಿಸಾಕ ದೊಡ್ಡ ಬೋಗಾಣಿ ಇಲ್ಲ, ಅಡಿಗಿ ಅಕ್ಕಾರು ಮೂರು ಸಲ ಒಲಿ ಮ್ಯಾಲ ಇಡ್ತಾರ" ಅಂದ್ರು. ಈ ತಿಂಗಳ 500, ಮುಂದಿನ ತಿಂಗಳಂದು, ಗೆಳೆಯಾರದು ಕೂಡಿಸಿ ಗಾಂಧಿ ಸರ್ಕಲ್ ಕಡೆ ಪಾತ್ರಿ ಅಂಗಡ್ಯಾಗ ತಗೊಂಡ್ವಿ. 80ಜಿ ಇಲ್ಲ.

ಆಟೋಪೇ ನಿಲ್ಲಿಸೋರು ದಾನದ ಆ್ಯಪ್ ಒಳಗ ಹುಡುಕಬ್ಯಾಡ್ರಿ, ಅಲ್ಲಿ ನನಗಂತೂ ಸಿಗ್ಲಿಲ್ಲ. ನಿಮ್ಮ ಯುಪಿಐ ಆ್ಯಪ್‌ನ್ಯಾಗ ಆಟೋಪೇ ಅಂತ ಐತಿ, ಅಲ್ಲೇ ಕ್ಯಾನ್ಸಲ್ ಮಾಡ್ರಿ.